ಕ್ಯಾಮೆರಾ ಹದಿನಾರು, ದಾಖಲೆ ಒಂಬತ್ತೇ ದಿನ: ರೈಸ್ ಮಿಲ್ಲಿಗೆ ಎಷ್ಟು ಟಿಬಿ ಬೇಕು?

ಪ್ರಶ್ನೆ: ಗಂಗಾವತಿ–ಕಾರಟಗಿ ರಸ್ತೆಯಲ್ಲಿ ನಮ್ಮದೊಂದು ರೈಸ್ ಮಿಲ್ ಇದೆ. ಮೂರು ವರ್ಷದ ಹಿಂದೆ 4 ಮೆಗಾಪಿಕ್ಸೆಲ್‌ನ 16 ಕ್ಯಾಮೆರಾ, ಒಂದು ಎನ್‌ವಿಆರ್ (ಕ್ಯಾಮೆರಾಗಳ ದೃಶ್ಯ ಬರೆದಿಡುವ ರೆಕಾರ್ಡರ್), ಅದರೊಳಗೆ 4 ಟಿಬಿಯ ಒಂದು ಹಾರ್ಡ್ ಡಿಸ್ಕ್ ಹಾಕಿಸಿದೆವು. ಕಳೆದ ಸುಗ್ಗಿಯಲ್ಲಿ ಕಳಿಸಿದ ಒಂದು ಲೋಡಿನಲ್ಲಿ 40 ಚೀಲ ಅಕ್ಕಿ ಕಡಿಮೆ ಬಂದಿದೆ ಎಂದು ಖರೀದಿದಾರರು 24 ದಿನಗಳ ನಂತರ ತಿಳಿಸಿದರು. ಎನ್‌ವಿಆರ್ ತೆಗೆದು ನೋಡಿದರೆ 9 ದಿನಗಳ ದೃಶ್ಯ ಮಾತ್ರ ಇತ್ತು. ಬೇಸಿಗೆಯಲ್ಲಿ ನೋಡಿದಾಗ ಅದೇ ಡಿಸ್ಕ್‌ನಲ್ಲಿ 13 ದಿನದ್ದು ಇರುತ್ತಿತ್ತು. ಈಗ 60 ದಿನ ಉಳಿಯುವಂತೆ ಮಾಡಬೇಕೆಂದಿದ್ದೇವೆ. ಒಬ್ಬರು 30 ಟಿಬಿ ಹಾಕಿಸಿ ಎನ್ನುತ್ತಾರೆ, ಇನ್ನೊಬ್ಬರು ಮೋಷನ್ ರೆಕಾರ್ಡಿಂಗ್ (ಚಲನೆ ಕಂಡಾಗ ಮಾತ್ರ ಬರೆಯುವುದು) ಇಟ್ಟರೆ ಇದ್ದ ಡಿಸ್ಕ್‌ನಲ್ಲೇ ಎರಡು ತಿಂಗಳು ಬರುತ್ತದೆ ಎನ್ನುತ್ತಾರೆ, ಮತ್ತೊಬ್ಬರು ಕ್ಲೌಡ್ ಎನ್ನುತ್ತಾರೆ. ಯಾವುದು ಸರಿ? ಅಳಿಸಿಹೋದ ಆ ದಿನದ ದೃಶ್ಯವನ್ನು ಮರಳಿ ಪಡೆಯಬಹುದೇ?

ಉತ್ತರ: ನಿಮಗೆ ಸಲಹೆ ಕೊಟ್ಟ ಮೂವರೂ ಡಿಸ್ಕ್‌ನಿಂದ ಮಾತು ಶುರು ಮಾಡಿದ್ದಾರೆ. ಲೆಕ್ಕ ಶುರುವಾಗಬೇಕಾದದ್ದು ನಿಮ್ಮ ಖಾತೆ ಪುಸ್ತಕದಿಂದ. ಒಂದು ತಪ್ಪು ನಡೆದ ದಿನಕ್ಕೂ ಅದು ನಿಮ್ಮ ಕಿವಿಗೆ ಬೀಳುವ ದಿನಕ್ಕೂ ನಡುವೆ ಎಷ್ಟು ದಿನ ಹೋಗುತ್ತದೆ ಎಂಬುದೇ ದೃಶ್ಯವನ್ನು ಎಷ್ಟು ದಿನ ಇಡಬೇಕು ಎಂಬುದನ್ನು ನಿರ್ಧರಿಸುತ್ತದೆ, ಮತ್ತು ಆ ಅಂತರ ಮಿಲ್ಲಿನ ಎಲ್ಲಾ ಜಾಗಗಳಿಗೂ ಒಂದೇ ಆಗಿರುವುದಿಲ್ಲ. ಕಾಂಪೌಂಡ್ ಹಾರಿ ಬಂದು ಮೋಟರ್ ಕದ್ದೊಯ್ದರೆ ಅದು ಮರುದಿನ ಬೆಳಿಗ್ಗೆಯೇ ಗೊತ್ತಾಗುತ್ತದೆ. ಆದರೆ ಲೋಡಿನಲ್ಲಿ ಚೀಲ ಕಡಿಮೆಯಾದದ್ದು ಗೊತ್ತಾಗಬೇಕಾದರೆ ಲಾರಿ ಊರು ಮುಟ್ಟಬೇಕು, ಅಲ್ಲಿನ ಗೋದಾಮಿನಲ್ಲಿ ನಿಟ್ಟು (ಚೀಲಗಳ ಒಟ್ಟಿಲು) ಇಳಿಯಬೇಕು, ನಿಟ್ಟು ಒಡೆದಾಗ ಎಣಿಕೆ ಆಗಬೇಕು, ಆ ಎಣಿಕೆ ತಿಂಗಳ ಲೆಕ್ಕಕ್ಕೆ ಬರಬೇಕು, ಆಮೇಲೆ ನಿಮಗೆ ಫೋನು ಬರಬೇಕು. ನಿಮಗೆ ಅದು 24ನೇ ದಿನಕ್ಕೆ ಬಂತು. ತಿಂಗಳ ಮೊದಲ ದಿನ ಹೋದ ಲೋಡಿನ ವ್ಯತ್ಯಾಸ ತಿಂಗಳ ಕೊನೆಯ ಲೆಕ್ಕದಲ್ಲಿ ಹೊರಬಿದ್ದರೆ 31 ದಿನ, ಅದರ ಮೇಲೆ ವಿಚಾರಣೆಗೆ, ಮಾತುಕತೆಗೆ, ದೂರು ಕೊಡುವ ಬಗ್ಗೆ ಯೋಚಿಸುವುದಕ್ಕೆ ಒಂದೆರಡು ವಾರ ಸೇರಿದರೆ 45 ದಿನ ಆಗುತ್ತದೆ. ನೀವು ಕೇಳಿರುವ 60 ದಿನ ಅತಿಯಾದ ಆಸೆಯಲ್ಲ; ಆದರೆ ಅದು ಸರಕು ಒಳಬರುವ ಮತ್ತು ಹೊರಹೋಗುವ ದಾರಿಯ ಕ್ಯಾಮೆರಾಗಳಿಗೆ ಮಾತ್ರ ಬೇಕು.

2020ರಲ್ಲಿ ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪೊಲೀಸ್ ಠಾಣೆಗಳ ಸಿಸಿಟಿವಿ ದೃಶ್ಯಗಳನ್ನು 18 ತಿಂಗಳು, ಕನಿಷ್ಠ ಒಂದು ವರ್ಷವಾದರೂ, ಉಳಿಸಿಡಬೇಕೆಂದು ಹೇಳಿದ್ದನ್ನು ನಾನು ಇಲ್ಲಿ ನೆನಪಿಸಿಕೊಳ್ಳುತ್ತೇನೆ. ಠಾಣೆಯೊಳಗೆ ನಡೆದದ್ದು ಹೊರಗೆ ಬರಲು ತಿಂಗಳುಗಟ್ಟಲೆ ಹಿಡಿಯಬಹುದು. ಮಿಲ್ಲಿನಲ್ಲಿ ನಡೆದದ್ದು ವಾರಗಟ್ಟಲೆ ಹಿಡಿಯುತ್ತದೆ. ನಮ್ಮ ರಾಜ್ಯದಲ್ಲಿ 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕ್ರಮಗಳ ಜಾರಿ ಕಾಯ್ದೆಯು ಒಮ್ಮೆಗೆ 100 ಜನ ಅಥವಾ ದಿನಕ್ಕೆ 500 ಜನ ಸೇರುವ ಸ್ಥಳಗಳಿಗೆ 30 ದಿನಗಳ ದೃಶ್ಯ ಸಂಗ್ರಹವನ್ನು ಕಡ್ಡಾಯ ಮಾಡಿದೆ. ಸುಗ್ಗಿಯ ಹೊತ್ತಿನಲ್ಲಿ ಹಮಾಲರು, ಚಾಲಕರು, ನೆಲ್ಲು ತಂದ ರೈತರು ಎಲ್ಲರೂ ಸೇರಿ ನಿಮ್ಮ ಅಂಗಳದಲ್ಲಿ 100 ಜನ ಆಗುತ್ತಾರೆಯೇ ಎಂಬುದನ್ನು ನೀವೇ ಎಣಿಸಿ ನೋಡಿ. ಆಗುವುದಾದರೆ ಯಾವ ಕ್ಯಾಮೆರಾವನ್ನೂ 30 ದಿನಕ್ಕಿಂತ ಕೆಳಗೆ ಇಳಿಸಬೇಡಿ. ಅದರ ಲೆಕ್ಕವನ್ನೂ ಕೆಳಗೆ ಕೊಟ್ಟಿದ್ದೇನೆ.

ಈಗ ಅಳತೆಗೆ ಬರೋಣ. ಒಂದು ಕ್ಯಾಮೆರಾ ಎಷ್ಟು ಜಾಗ ತಿನ್ನುತ್ತದೆ ಎಂಬುದು ಅದರ ಮೆಗಾಪಿಕ್ಸೆಲ್‌ನಿಂದ ನೇರವಾಗಿ ತಿಳಿಯುವುದಿಲ್ಲ. ಬಿಟ್‌ರೇಟ್‌ನಿಂದ ತಿಳಿಯುತ್ತದೆ, ಎಂದರೆ ಕ್ಷಣಕ್ಕೆ ಎಷ್ಟು ಮಾಹಿತಿಯನ್ನು ಅದು ರೆಕಾರ್ಡರಿಗೆ ಕಳಿಸುತ್ತದೆ ಎಂಬುದರಿಂದ. ಒಂದೇ ಒಂದು ಅಂಕಿಯನ್ನು ನೆನಪಿಟ್ಟುಕೊಂಡರೆ ಸಾಕು: 1 ಎಂಬಿಪಿಎಸ್ (ಸೆಕೆಂಡಿಗೆ 10 ಲಕ್ಷ ಬಿಟ್) ಬಿಟ್‌ರೇಟ್‌ನ ಕ್ಯಾಮೆರಾ ದಿನಕ್ಕೆ 10.8 ಜಿಬಿ ಬರೆಯುತ್ತದೆ. ದಿನಕ್ಕೆ 86,400 ಸೆಕೆಂಡು, 8 ಬಿಟ್‌ಗೆ ಒಂದು ಬೈಟ್. ಭಾಗಿಸಿದರೆ ಬರುವುದು ಅಷ್ಟೇ. 4 ಎಂಬಿಪಿಎಸ್ ಆದರೆ 43.2 ಜಿಬಿ.

ನಿಮ್ಮ ಹಳೆಯ ಡಿಸ್ಕ್ ಈ ಅಳತೆಯನ್ನು ಆಗಲೇ ಮಾಡಿಕೊಟ್ಟಿದೆ. 4 ಟಿಬಿ, ಎಂದರೆ 4000 ಜಿಬಿ, ಸುಗ್ಗಿಯಲ್ಲಿ 9 ದಿನಕ್ಕೆ ತುಂಬಿತು. ದಿನಕ್ಕೆ ಸುಮಾರು 444 ಜಿಬಿ. 16 ಕ್ಯಾಮೆರಾಗಳಿಗೆ ಹಂಚಿದರೆ ತಲಾ 28 ಜಿಬಿಗೆ ತುಸು ಕಡಿಮೆ. ಹಾಗಾದರೆ ಸರಾಸರಿ ಬಿಟ್‌ರೇಟ್ 2.6 ಎಂಬಿಪಿಎಸ್. ಬೇಸಿಗೆಯ 13 ದಿನದ ಲೆಕ್ಕದಲ್ಲಿ ಇದೇ ದಿನಕ್ಕೆ 308 ಜಿಬಿ ಆಗುತ್ತದೆ. ಅಂಗಡಿಯವರ ಕ್ಯಾಲ್ಕುಲೇಟರ್ ಕೊಡುವ ಅಂದಾಜಿಗಿಂತ ನಿಮ್ಮದೇ ಜಾಗದಲ್ಲಿ, ನಿಮ್ಮದೇ ಧೂಳಿನಲ್ಲಿ ಸಿಕ್ಕ ಈ ಅಂಕಿಯನ್ನು ನಾನು ಹೆಚ್ಚು ನಂಬುತ್ತೇನೆ. ಯೋಜನೆಗೆ ಯಾವಾಗಲೂ ಸುಗ್ಗಿಯ ಅಂಕಿಯನ್ನೇ ಹಿಡಿಯಬೇಕು, ಏಕೆಂದರೆ ಸರಕಿನ ತಕರಾರು ಹುಟ್ಟುವುದೂ ಸುಗ್ಗಿಯಲ್ಲೇ.

ಅದೇ ಕ್ಯಾಮೆರಾ, ಅದೇ ಸೆಟ್ಟಿಂಗ್. ಆದರೂ 13 ದಿನ 9ಕ್ಕೆ ಏಕೆ ಇಳಿಯಿತು ಎಂಬುದನ್ನು ತಿಳಿದುಕೊಂಡರೆ ಮುಂದಿನ ಅರ್ಧ ಕೆಲಸ ಸುಲಭವಾಗುತ್ತದೆ. ದೃಶ್ಯವನ್ನು ಕುಗ್ಗಿಸಿ ಬರೆಯುವ ಕೋಡೆಕ್‌ಗಳು, ಅದು ಎಚ್.264 ಆಗಲಿ, ಅದಕ್ಕಿಂತ ಕಡಿಮೆ ಜಾಗ ಹಿಡಿಯುವ 2013ರ ಎಚ್.265 ಆಗಲಿ, ಪ್ರತಿ ಫ್ರೇಮನ್ನೂ, ಎಂದರೆ ಒಂದೊಂದು ಬಿಡಿ ಚಿತ್ರವನ್ನೂ, ಪೂರ್ತಿಯಾಗಿ ಬರೆಯುವುದಿಲ್ಲ. ಹಿಂದಿನ ಫ್ರೇಮಿಗಿಂತ ಎಲ್ಲಿ ಬದಲಾಗಿದೆಯೋ ಅಷ್ಟನ್ನು ಮಾತ್ರ ಬರೆಯುತ್ತವೆ. ಖಾಲಿ ಅಂಗಳ, ಮುಚ್ಚಿದ ಬಾಗಿಲು ಇದ್ದರೆ ಬರೆಯುವುದು ಕಡಿಮೆ. ನೆಲ್ಲು ಶುಚಿ ಮಾಡುವ ಕ್ಲೀನರ್ ಯಂತ್ರ ಓಡುತ್ತಾ ಹೊಟ್ಟು ಹಾರುತ್ತಿದ್ದರೆ, ತೌಡಿನ ಧೂಳು ದೀಪದ ಬೆಳಕಿನಲ್ಲಿ ತೇಲುತ್ತಿದ್ದರೆ, ಕೋಡೆಕ್‌ನ ಕಣ್ಣಿಗೆ ಇಡೀ ಚಿತ್ರವೇ ಕ್ಷಣಕ್ಷಣಕ್ಕೂ ಬದಲಾಗುತ್ತಿರುತ್ತದೆ.

ರಾತ್ರಿಯ ಕಥೆ ಇನ್ನೂ ಭಾರ. ನಮ್ಮ ಭಾಗದಲ್ಲಿ ಮಿಲ್ಲಿನ ಕಾಂಪೌಂಡಿಗೆ ಅಂಟಿಕೊಂಡೇ ಗದ್ದೆ ಇರುತ್ತದೆ, ಎಡದಂಡೆ ಕಾಲುವೆಯ ನೀರು ನಿಂತಿರುತ್ತದೆ. ಕತ್ತಲಾದ ಕೂಡಲೇ ಕ್ಯಾಮೆರಾದ ಇನ್‌ಫ್ರಾರೆಡ್ ದೀಪದ ಮುಂದೆ ಹುಳು ಮುತ್ತುತ್ತವೆ. ಹುಳುವಿಗಾಗಿ ಜೇಡ ಬರುತ್ತದೆ. ಜೇಡ ಲೆನ್ಸಿನ ಮುಂದೆಯೇ ಬಲೆ ಕಟ್ಟುತ್ತದೆ. ಆ ಎಳೆಗಳು ಗಾಳಿಗೆ ಅಲುಗಿದಾಗ ಪರದೆಯ ತುಂಬ ಬಿಳಿ ಹಗ್ಗ ತೂಗಾಡಿದಂತೆ ಕಾಣುತ್ತದೆ, ಮತ್ತು ಆ ಕ್ಯಾಮೆರಾ ಹಗಲಿಗಿಂತ ಹೆಚ್ಚು ಜಾಗವನ್ನು ರಾತ್ರಿ ತಿನ್ನುತ್ತದೆ. ಕಾರಟಗಿ ಕಡೆಯ ಒಂದು ಮಿಲ್ಲಿನಲ್ಲಿ ಕಾಂಪೌಂಡಿನ ನಾಲ್ಕು ಕ್ಯಾಮೆರಾಗಳ ಬಲೆಯನ್ನು ಉದ್ದ ಕೋಲಿಗೆ ಒಣ ಬಟ್ಟೆ ಕಟ್ಟಿ ತೆಗೆಸಿ, ರೆಕಾರ್ಡರಿನ ಪರದೆಯಲ್ಲಿ ಬಿಟ್‌ರೇಟ್ ಇಳಿಯುವುದನ್ನು ಮಾಲೀಕರಿಗೆ ನಿಂತಲ್ಲೇ ತೋರಿಸಿದ್ದೆ. ವಾರಕ್ಕೊಮ್ಮೆ ಆ ಕೋಲು ಆಡಿಸುವುದು ಒಂದು ಡಿಸ್ಕ್ ಕೊಳ್ಳುವುದಕ್ಕಿಂತ ಅಗ್ಗ.

ಇನ್ನು ಕ್ಯಾಮೆರಾಗಳನ್ನು ಎರಡು ಪಾಲು ಮಾಡಿ. ಮೊದಲ ಪಾಲು ಸಾಕ್ಷಿಯದು: ಮುಖ್ಯ ಗೇಟಿನದು ಒಂದು, ವೇ ಬ್ರಿಡ್ಜಿನವು ಎರಡು, ಲೋಡಿಂಗ್ ಕಟ್ಟೆಯವು ಎರಡು, ಗೋದಾಮಿನ ಬಾಗಿಲಿನದು ಒಂದು, ಒಟ್ಟು ಆರು. ಉಳಿದ ಹತ್ತು, ಎಂದರೆ ಕಾಂಪೌಂಡ್, ಒಣಗುವ ಕಣ, ಯಂತ್ರಗಳ ಹಾಲ್, ಬಾಯ್ಲರ್, ಆಫೀಸು, ಇವು ಕಾವಲಿನವು. ಸಾಕ್ಷಿಯ ಕ್ಯಾಮೆರಾದಿಂದ ನಿಮಗೆ ಬೇಕಾದದ್ದು ಲಾರಿಯ ನಂಬರು, ಮನುಷ್ಯನ ಮುಖ, ಚೀಲದ ಎಣಿಕೆ. ಕಾವಲಿನ ಕ್ಯಾಮೆರಾದಿಂದ ಬೇಕಾದದ್ದು ಯಾರೋ ಬಂದರು, ಇಂಥ ಕಡೆಯಿಂದ ಬಂದರು, ಇಷ್ಟು ಹೊತ್ತಿಗೆ ಹೋದರು ಎಂಬುದು. ಎರಡಕ್ಕೂ ಒಂದೇ ಗುಣಮಟ್ಟ, ಒಂದೇ ಅವಧಿ ಕೊಟ್ಟದ್ದರಿಂದಲೇ ನಿಮ್ಮ ವೇ ಬ್ರಿಡ್ಜಿನ ದೃಶ್ಯವನ್ನು ಕಾಂಪೌಂಡಿನ ಹುಳುಗಳು ಅಳಿಸಿಹಾಕಿದವು.

ಸಾಕ್ಷಿಯ ಕ್ಯಾಮೆರಾ ಎಷ್ಟು ಅಗಲವನ್ನು ನೋಡಬೇಕು ಎಂಬುದಕ್ಕೆ ಒಂದು ಒಪ್ಪಿತ ಅಳತೆ ಇದೆ: ಪರಿಚಯವಿಲ್ಲದ ವ್ಯಕ್ತಿಯ ಮುಖವನ್ನು ಗುರುತಿಸಬೇಕಾದರೆ ಆ ಜಾಗದಲ್ಲಿ ಒಂದು ಮೀಟರಿಗೆ 250 ಪಿಕ್ಸೆಲ್ ಸಿಗಬೇಕು. ನಿಮ್ಮ 4 ಮೆಗಾಪಿಕ್ಸೆಲ್ ಚಿತ್ರದ ಅಗಲ 2560 ಪಿಕ್ಸೆಲ್. ಹಾಗಾಗಿ ಸುಮಾರು 10 ಮೀಟರ್ ಅಗಲದವರೆಗೆ ಮಾತ್ರ ಅದು ಈ ಕೆಲಸ ಮಾಡುತ್ತದೆ. ಇಡೀ ಅಂಗಳವನ್ನು ತೋರಿಸುವ ಕ್ಯಾಮೆರಾದಲ್ಲಿ ಲಾರಿ ಕಾಣುತ್ತದೆ, ನಂಬರು ಕಾಣುವುದಿಲ್ಲ. ಅಂಥ ದೃಶ್ಯವನ್ನು 60 ದಿನ ಇಟ್ಟರೂ ಉಪಯೋಗವಿಲ್ಲ. ಡಿಸ್ಕ್ ಕೊಳ್ಳುವ ಮೊದಲು ಈ ಆರು ಕ್ಯಾಮೆರಾಗಳ ಚಿತ್ರವನ್ನು ಹಗಲಲ್ಲೊಮ್ಮೆ, ರಾತ್ರಿಯಲ್ಲೊಮ್ಮೆ ನಿಲ್ಲಿಸಿ ನೋಡಿ, ನಂಬರು ಓದಿ, ಚೀಲ ಎಣಿಸಿ.

ಫ್ರೇಮ್ ವೇಗದಲ್ಲಿ ಹೆಚ್ಚಿನವರು ಸುಮ್ಮನೆ ಜಾಗ ಕಳೆಯುತ್ತಾರೆ. ಸೆಕೆಂಡಿಗೆ 25 ಫ್ರೇಮ್ ಚಿತ್ರ ನಯವಾಗಿ ಕಾಣಲಿ ಎಂದು ಇಡುವುದೇ ಹೊರತು ಮಿಲ್ಲಿನ ಕೆಲಸಕ್ಕಲ್ಲ. ಚೀಲ ಹೊತ್ತ ಹಮಾಲ ಹಲಗೆಯ ಮೇಲೆ ಸೆಕೆಂಡಿಗೆ ಒಂದೂವರೆ ಮೀಟರ್ ನಡೆದರೂ 12 ಫ್ರೇಮ್‌ನಲ್ಲಿ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಒಂದು ಗೇಣಿಗಿಂತ ಕಡಿಮೆ ಸರಿಯುತ್ತಾನೆ. ಒಂದು ಚೀಲವೂ ಎಣಿಕೆಯಿಂದ ತಪ್ಪುವುದಿಲ್ಲ. ವೇ ಬ್ರಿಡ್ಜಿನ ಮೇಲೆ ಲಾರಿ ನಿಂತೇ ಇರುವುದರಿಂದ ಅಲ್ಲಿ 8 ಫ್ರೇಮ್ ಧಾರಾಳ. ಆದರೆ ಫ್ರೇಮ್ ಅರ್ಧ ಮಾಡಿದರೆ ಜಾಗವೂ ಅರ್ಧವಾಗುತ್ತದೆ ಎಂದು ಲೆಕ್ಕ ಹಾಕಬೇಡಿ. ಉಳಿತಾಯ ಅದಕ್ಕಿಂತ ಕಡಿಮೆಯೇ ಇರುತ್ತದೆ.

ಬಿಟ್‌ರೇಟನ್ನು ಬದಲಾಗುವ ವಿಧಾನದಲ್ಲಿಡಿ, ಎಂದರೆ ವಿಬಿಆರ್‌ನಲ್ಲಿ, ಆದರೆ ಮೇಲ್ಮಿತಿ ಹಾಕಿ: ಸಾಕ್ಷಿಯ ಆರಕ್ಕೆ 4 ಎಂಬಿಪಿಎಸ್, ಕಾವಲಿನ ಹತ್ತಕ್ಕೆ 1.5 ಎಂಬಿಪಿಎಸ್. ಹತ್ತರಲ್ಲಿ ರೆಸಲ್ಯೂಶನ್ ಅನ್ನು 2 ಮೆಗಾಪಿಕ್ಸೆಲ್‌ಗೆ ಇಳಿಸಬಹುದು. ಎಚ್.265ರ ಮೇಲೆ ಕಂಪನಿಗಳು ಕೊಡುವ ‘ಪ್ಲಸ್’ ಅಥವಾ ‘ಸ್ಮಾರ್ಟ್’ ಹೆಸರಿನ ಹೆಚ್ಚುವರಿ ಉಳಿತಾಯವನ್ನು ಕಾವಲಿನ ಕ್ಯಾಮೆರಾಗಳಲ್ಲಿ ಧೈರ್ಯವಾಗಿ ಬಳಸಿ. ಸಾಕ್ಷಿಯವುಗಳಲ್ಲಿ ನಾನು ಅದನ್ನು ಆರಿಸಿಯೇ ಇಡುತ್ತೇನೆ, ಏಕೆಂದರೆ ಅದು ಯಾವ ವಿವರವನ್ನು ಮಸುಕು ಮಾಡಬಹುದೆಂದು ನಿರ್ಧರಿಸುವುದು ಯಂತ್ರ, ಆ ವಿವರ ಬೇಕಾಗುವುದು ನಿಮಗೆ.

ಲೆಕ್ಕ ಈಗ ಹೀಗೆ ನಿಲ್ಲುತ್ತದೆ. ಆರು ಕ್ಯಾಮೆರಾಗಳು ದಿನಕ್ಕೆ 259 ಜಿಬಿ, 60 ದಿನಕ್ಕೆ ಸುಮಾರು 15.6 ಟಿಬಿ. ಹತ್ತು ಕ್ಯಾಮೆರಾಗಳು ದಿನಕ್ಕೆ 162 ಜಿಬಿ, 20 ದಿನಕ್ಕೆ ಸುಮಾರು 3.2 ಟಿಬಿ. ಒಟ್ಟು 18.8 ಟಿಬಿ. ಕೊಳ್ಳುವ ಒಟ್ಟು ಜಾಗದಲ್ಲಿ ಐದರಲ್ಲೊಂದು ಪಾಲು ಕೈಮೀಸಲು ಬಿಟ್ಟರೆ 23.5 ಟಿಬಿ. ಹದಿನಾರಕ್ಕೂ ಈಗಿನ ಸೆಟ್ಟಿಂಗ್‌ನಲ್ಲೇ 60 ದಿನ ಇಡಲು ಹೋಗಿದ್ದರೆ 26.6 ಟಿಬಿ, ಮೀಸಲು ಸೇರಿ 33 ಟಿಬಿ ಬೇಕಾಗುತ್ತಿತ್ತು. ಅಷ್ಟು ಖರ್ಚು ಮಾಡಿಯೂ ವೇ ಬ್ರಿಡ್ಜಿನ ಚಿತ್ರ ಈಗಿನಷ್ಟೇ ಇರುತ್ತಿತ್ತು. ಮೇಲಿನ ಕಾಯ್ದೆ ನಿಮಗೆ ಅನ್ವಯಿಸಿ ಕಾವಲಿನ ಹತ್ತನ್ನೂ 30 ದಿನ ಇಡಬೇಕಾದರೆ ಇನ್ನು 1.6 ಟಿಬಿ ಸೇರುತ್ತದೆ, ಅದು ಈ ಮೀಸಲಿನಲ್ಲೇ ಹಿಡಿಯುತ್ತದೆ. ರೆಕಾರ್ಡರಿನಲ್ಲಿ ಕ್ಯಾಮೆರಾವಾರು ಕೋಟಾ ಅಥವಾ ಡಿಸ್ಕ್ ಗ್ರೂಪ್ ಎಂಬ ಆಯ್ಕೆ ಇರಬೇಕು; ಅದಿಲ್ಲದಿದ್ದರೆ ಎಲ್ಲಾ ಕ್ಯಾಮೆರಾಗಳೂ ಒಂದೇ ತೊಟ್ಟಿಯಿಂದ ಕುಡಿಯುತ್ತವೆ, ಈ ಪಾಲು ಮಾಡುವ ಲೆಕ್ಕವೇ ಕೆಲಸಕ್ಕೆ ಬರುವುದಿಲ್ಲ.

ಒಂದು ಸಣ್ಣ ಗೊಂದಲವನ್ನು ಇಲ್ಲೇ ತೀರಿಸುತ್ತೇನೆ. 4 ಟಿಬಿ ಡಿಸ್ಕ್ ಹಾಕಿದರೂ ಪರದೆಯಲ್ಲಿ 3726 ಜಿಬಿ ಎಂದು ಕಾಣುತ್ತದೆ. ಯಾರೂ ನಿಮಗೆ ಮೋಸ ಮಾಡಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ, ಯಂತ್ರ 1024ರ ಲೆಕ್ಕದಲ್ಲಿ ಎಣಿಸುತ್ತವೆ. ನಾನು ಮೇಲೆ ಹಾಕಿದ್ದು ತಯಾರಕರ ಲೆಕ್ಕ.

ಮೋಷನ್ ರೆಕಾರ್ಡಿಂಗ್ ಬಗ್ಗೆ ನಿಮಗೆ ಹೇಳಿದವರು ಅದನ್ನು ಬಟ್ಟೆ ಅಂಗಡಿಯಲ್ಲೋ ಬ್ಯಾಂಕಿನ ಮೊಗಸಾಲೆಯಲ್ಲೋ ನೋಡಿರಬೇಕು. ಅಲ್ಲಿ ರಾತ್ರಿ ಏನೂ ಅಲುಗುವುದಿಲ್ಲ, ಉಳಿತಾಯ ನಿಜವಾಗಿಯೂ ದೊಡ್ಡದು. ಮಿಲ್ಲಿನಲ್ಲಿ ಬೆಲ್ಟು ತಿರುಗುತ್ತದೆ, ಧೂಳು ಹಾರುತ್ತದೆ, ಹುಳು ಕುಣಿಯುತ್ತದೆ. ಚಲನೆ ನಿಲ್ಲುವುದೇ ಇಲ್ಲ, ಹಾಗಾಗಿ ಉಳಿಯುವುದೂ ಇಲ್ಲ. ಇದನ್ನು ತಡೆಯಲು ಸೂಕ್ಷ್ಮತೆ ಇಳಿಸಿದರೆ ದೂರದಲ್ಲಿ ನಿಧಾನವಾಗಿ ನಡೆದು ಬಂದ ಮನುಷ್ಯನನ್ನೇ ಅದು ಬಿಟ್ಟುಬಿಡುತ್ತದೆ. ಅದಕ್ಕಿಂತ ಮುಖ್ಯವಾಗಿ, ನಿಮ್ಮ ತಕರಾರಿನಂಥ ಪ್ರಸಂಗದಲ್ಲಿ ‘ಈ ಹತ್ತು ನಿಮಿಷ ಏನೂ ನಡೆಯಲಿಲ್ಲ’ ಎಂಬುದನ್ನೂ ತೋರಿಸಬೇಕಾಗುತ್ತದೆ. ಅಲ್ಲಲ್ಲಿ ಕತ್ತರಿಸಿದ ದೃಶ್ಯ ಅದನ್ನು ತೋರಿಸಲಾರದು. ಎದುರಿನವರು ಕೇಳುವ ಮೊದಲ ಪ್ರಶ್ನೆಯೇ ನಡುವಿನದ್ದು ಎಲ್ಲಿ ಎಂದು. ಸಾಕ್ಷಿಯ ಆರನ್ನು ಯಾವ ಕಾರಣಕ್ಕೂ ಮೋಷನ್‌ಗೆ ಹಾಕಬೇಡಿ.

ಕ್ಲೌಡ್‌ನ ಲೆಕ್ಕ ಬೇಗ ಮುಗಿಯುತ್ತದೆ. ಮೇಲಿನ ಸೆಟ್ಟಿಂಗ್‌ನಲ್ಲಿ ಹದಿನಾರೂ ಸೇರಿ 39 ಎಂಬಿಪಿಎಸ್ ಅನ್ನು ಹಗಲಿರುಳು ಅಪ್‌ಲೋಡ್ ಮಾಡುತ್ತಿರಬೇಕು, ತಿಂಗಳಿಗೆ 12.6 ಟಿಬಿ. ಹಲವು ಬ್ರಾಡ್‌ಬ್ಯಾಂಡ್ ಯೋಜನೆಗಳ ತಿಂಗಳ ಮಿತಿಯೇ 3.3 ಟಿಬಿ. ಫೈಬರ್ ಒಂದು ದಿನ ಕಡಿದರೆ ಆ ದಿನದ ದೃಶ್ಯವೂ ಇಲ್ಲ. ಗೇಟಿನ ಮತ್ತು ಗೋದಾಮಿನ ಬಾಗಿಲಿನ ರಾತ್ರಿಯ ಎಚ್ಚರಿಕೆಯ ತುಣುಕುಗಳನ್ನು ಮಾತ್ರ ಹೊರಗೆ ಕಳಿಸುವುದು ಒಳ್ಳೆಯದು, ಏಕೆಂದರೆ ಕಳ್ಳರು ರೆಕಾರ್ಡರನ್ನೇ ಎತ್ತಿಕೊಂಡು ಹೋದರೂ ಆ ತುಣುಕು ಉಳಿದಿರುತ್ತದೆ.

ಡಿಸ್ಕ್ ಆಯ್ಕೆಯಲ್ಲಿ ನಾನು ಹಟ ಹಿಡಿಯುವುದು ಒಂದೇ ವಿಷಯಕ್ಕೆ: ಕಂಪ್ಯೂಟರಿನ ಸಾಮಾನ್ಯ ಡಿಸ್ಕ್ ಬೇಡ. ಅಂಥವುಗಳನ್ನು ಸಾಮಾನ್ಯವಾಗಿ ವರ್ಷಕ್ಕೆ 55 ಟಿಬಿ ಕೆಲಸಕ್ಕೆಂದು ತಯಾರಿಸುತ್ತಾರೆ. ವೆಸ್ಟರ್ನ್ ಡಿಜಿಟಲ್ ಪರ್ಪಲ್, ಸೀಗೇಟ್ ಸ್ಕೈಹಾಕ್‌ನಂಥ ಕಣ್ಗಾವಲಿನ ಡಿಸ್ಕ್‌ಗಳಿಗೆ ಆ ಮಿತಿ 180 ಟಿಬಿ. ನಿಮ್ಮ ಈಗಿನ ಒಂಟಿ ಡಿಸ್ಕ್ ಸುಗ್ಗಿಯ ವೇಗದಲ್ಲಿ ವರ್ಷವಿಡೀ ಬರೆದರೆ 162 ಟಿಬಿ ಆಗುತ್ತದೆ. ಸಾಮಾನ್ಯ ಡಿಸ್ಕ್ ಆಗಿದ್ದರೆ ಅದರ ಮೇಲೆ ಮೂರು ಪಾಲು ಹೊರೆ. ಹೊಸ ಯೋಜನೆಯಲ್ಲಿ ಈ ಹೊರೆ ಹಲವು ಡಿಸ್ಕ್‌ಗಳ ಮೇಲೆ ಹಂಚಿಹೋಗುತ್ತದೆ.

ನಾಲ್ಕು ಡಿಸ್ಕ್ ಹಿಡಿಯುವ, ರೇಡ್ 5 (ಒಂದು ಡಿಸ್ಕ್‌ನಷ್ಟು ಜಾಗವನ್ನು ರಕ್ಷಣೆಗೆ ಮೀಸಲಿಡುವ ವ್ಯವಸ್ಥೆ) ಇರುವ ರೆಕಾರ್ಡರ್ ಕೊಂಡು 8 ಟಿಬಿಯ ನಾಲ್ಕು ಡಿಸ್ಕ್ ಹಾಕಿದರೆ ಬಳಕೆಗೆ 24 ಟಿಬಿ ಸಿಗುತ್ತದೆ, ನಿಮಗೆ ಬೇಕಾದಷ್ಟೇ. ಒಂದು ಡಿಸ್ಕ್ ಕೆಟ್ಟರೂ ದೃಶ್ಯ ಉಳಿಯುತ್ತದೆ. ಕೆಟ್ಟದ್ದನ್ನು ಬದಲಿಸಿದ ಮೇಲೆ ಮತ್ತೆ ತುಂಬಿಕೊಳ್ಳಲು ಒಂದು ದಿನ ಅಥವಾ ಇನ್ನೂ ಹೆಚ್ಚು ಹಿಡಿಯುತ್ತದೆ, ಆ ಹೊತ್ತಿನಲ್ಲಿ ಎರಡನೆಯದು ಕೆಟ್ಟರೆ ಎಲ್ಲವೂ ಹೋಗುತ್ತದೆ. ಆದ್ದರಿಂದ ಒಂದು ಹೊಸ ಡಿಸ್ಕ್ ಕಪಾಟಿನಲ್ಲಿರಲಿ. ಅಷ್ಟು ಹಣ ಈ ವರ್ಷ ಹೊಂದದಿದ್ದರೆ ರೇಡ್ ಇಲ್ಲದೆ ಮೂರು ಡಿಸ್ಕ್ ಹಾಕಿ, ಸಾಕ್ಷಿಯ ಆರು ಕ್ಯಾಮೆರಾಗಳೊಳಗೆ 256 ಜಿಬಿಯ, ಸತತ ಬರಹಕ್ಕೆಂದೇ ಮಾಡಿದ ಮೆಮೊರಿ ಕಾರ್ಡ್ ಹಾಕಿಸಿ. ಒಂದೊಂದು ಕಾರ್ಡಿನಲ್ಲಿ ಸುಮಾರು ಆರು ದಿನದ ದೃಶ್ಯ ಪ್ರತ್ಯೇಕವಾಗಿ ಇರುತ್ತದೆ. ಡಿಸ್ಕ್ ಸತ್ತದ್ದು ಆರು ದಿನದೊಳಗೆ ನಿಮ್ಮ ಗಮನಕ್ಕೆ ಬಂದರೆ ಸತ್ತ ಮೇಲಿನ ದಿನಗಳ ಸಾಕ್ಷಿಯ ದೃಶ್ಯವಾದರೂ ಉಳಿಯುತ್ತದೆ; ಆ ಡಿಸ್ಕ್‌ನಲ್ಲಿದ್ದ ಹಳೆಯದು ಮಾತ್ರ ಹೋಗುತ್ತದೆ.

‘ಗಮನಕ್ಕೆ ಬಂದರೆ’ ಎಂಬ ಮಾತಿನ ಮೇಲೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ನಾನು ನೋಡಿದ ದೊಡ್ಡ ನಷ್ಟಗಳು ಟಿಬಿ ಸಾಲದೆ ಆದವಲ್ಲ. ರಾಯಚೂರಿನಲ್ಲಿ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನವರು ಕಳ್ಳತನವಾದ ಮರುದಿನ ನನ್ನನ್ನು ಕರೆದಿದ್ದರು. ರೆಕಾರ್ಡರ್ ಆಫೀಸಿನ ಒಳಕೋಣೆಯಲ್ಲಿ, ದೇವರ ಫೋಟೋದ ಹಿಂದಿನ ಮರದ ಹಲಗೆಯ ಮೇಲಿತ್ತು. ಮುಚ್ಚಳ ಬಿಚ್ಚಿದಾಗ ಫ್ಯಾನಿನ ರೆಕ್ಕೆಗಳ ನಡುವೆ ಹತ್ತಿಯ ನವಿರು ಉಣ್ಣೆಯ ಹಾಗೆ ಹೆಣೆದುಕೊಂಡಿತ್ತು. ಫ್ಯಾನ್ ತಿರುಗುತ್ತಲೇ ಇರಲಿಲ್ಲ. ಪರದೆಯಲ್ಲಿ ಎಲ್ಲಾ ಕ್ಯಾಮೆರಾಗಳೂ ಚೆನ್ನಾಗಿ ಕಾಣುತ್ತಿದ್ದವು, ಆದರೆ ಡಿಸ್ಕ್ ಆರು ವಾರದ ಹಿಂದೆಯೇ ಬರೆಯುವುದನ್ನು ನಿಲ್ಲಿಸಿತ್ತು. ರೆಕಾರ್ಡರ್ ಬೀಪ್ ಎಂದು ಕೂಗಿ ಹೇಳಿಯೂ ಇತ್ತು. ಆ ಸದ್ದಿನಿಂದ ಕಿರಿಕಿರಿಯಾಗುತ್ತದೆಂದು ಗುಮಾಸ್ತರು ಸೆಟ್ಟಿಂಗ್‌ಗೆ ಹೋಗಿ ಅದನ್ನು ಬಂದ್ ಮಾಡಿದ್ದರು. ಅವರಿಗೆ ಆ ಸದ್ದಿನ ಅರ್ಥವನ್ನು ಯಾರೂ ಹೇಳಿರಲಿಲ್ಲ. ಹಾಗಾಗಿ ಅವರನ್ನು ದೂರುವುದು ನನಗೆ ಸರಿ ಅನ್ನಿಸಲಿಲ್ಲ.

ಅಂದಿನಿಂದ ನಾನು ಹಾಕಿಕೊಡುವ ಪ್ರತಿ ಜಾಗದಲ್ಲೂ ಒಂದು ನೋಟ್‌ಬುಕ್ ಇಡಿಸುತ್ತೇನೆ. ಪ್ರತಿ ಸೋಮವಾರ ಒಬ್ಬರು ರೆಕಾರ್ಡರಿನಲ್ಲಿ ಅತ್ಯಂತ ಹಳೆಯ ದಿನಾಂಕದ ದೃಶ್ಯವನ್ನು ತೆರೆದು, ಒಂದು ನಿಮಿಷ ಓಡಿಸಿ ನೋಡಿ, ಆ ದಿನಾಂಕವನ್ನು ಬರೆದು ಸಹಿ ಮಾಡಬೇಕು. ಹದಿನಾರು ಕ್ಯಾಮೆರಾಗಳಿಗೆ ಇಪ್ಪತ್ತು ನಿಮಿಷದ ಕೆಲಸ. 60 ದಿನ ಇರಬೇಕಾದದ್ದು 52ಕ್ಕೆ ಇಳಿದಿದ್ದರೆ ಆ ಪುಸ್ತಕವೇ ಹೇಳುತ್ತದೆ, ಯಾವ ಕ್ಯಾಮೆರಾ ಜಾಸ್ತಿ ತಿನ್ನುತ್ತಿದೆ ಎಂದು ಹುಡುಕಲು ಆಗ ಸಮಯ ಇರುತ್ತದೆ. ಡಿಸ್ಕ್ ದೋಷದ ಎಚ್ಚರಿಕೆ ಮೊಬೈಲಿಗೂ ಬರುವಂತೆ ಮಾಡಿಸಿ.

ರೆಕಾರ್ಡರ್ ಇಡುವ ಜಾಗವೂ ಯೋಜನೆಯ ಭಾಗ. ತೌಡಿನ ಧೂಳಿನಲ್ಲಿ ಎಣ್ಣೆಯ ಅಂಶವಿದೆ, ಅದು ಬೀಸಿದರೆ ಹಾರದೆ ಅಂಟಿಕೊಳ್ಳುತ್ತದೆ. ಯಂತ್ರದ ಹಾಲ್‌ಗೆ ಬಾಗಿಲು ತೆರೆಯುವ ಕೋಣೆ ಬೇಡ. ಏಪ್ರಿಲ್–ಮೇ ತಿಂಗಳಲ್ಲಿ ನಮ್ಮಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ, ಶೀಟಿನ ಕೆಳಗಿನ ಮುಚ್ಚಿದ ಪೆಟ್ಟಿಗೆಯಲ್ಲಿ ನಾಲ್ಕು ಡಿಸ್ಕ್ ತಿರುಗುತ್ತಿದ್ದರೆ ತಯಾರಕರು ಹೇಳಿದ ಮಿತಿಯ ಸಮೀಪಕ್ಕೆ ಹೋಗುತ್ತದೆ. ರೆಕಾರ್ಡರಿನ ಡಿಸ್ಕ್ ಮಾಹಿತಿಯಲ್ಲಿ ಉಷ್ಣತೆ ತೋರಿಸುತ್ತದೆ; ಅದು 50 ಡಿಗ್ರಿ ದಾಟದಂತೆ ನೋಡಿಕೊಳ್ಳಿ.

ಕರೆಂಟಿನ ಲೆಕ್ಕದಲ್ಲಿ ರೆಕಾರ್ಡರಿಗೆ ಮಾತ್ರ ಯುಪಿಎಸ್ ಕೊಟ್ಟು ಕ್ಯಾಮೆರಾಗಳ ತಂತಿಗಳೆಲ್ಲ ಬಂದು ಸೇರುವ ನೆಟ್‌ವರ್ಕ್ ಸ್ವಿಚ್ಚನ್ನು ಮರೆಯುವುದು ಸಾಮಾನ್ಯ ತಪ್ಪು. ಆಗ ರೆಕಾರ್ಡರ್ ಎಚ್ಚರವಾಗಿರುತ್ತದೆ, ನೋಡಲು ಕಣ್ಣೇ ಇರುವುದಿಲ್ಲ. ಹದಿನಾರು ಕ್ಯಾಮೆರಾ, ಸ್ವಿಚ್, ರೆಕಾರ್ಡರ್ ಎಲ್ಲವೂ ಸೇರಿ ರಾತ್ರಿ ಸುಮಾರು 200 ವ್ಯಾಟ್; 12 ವೋಲ್ಟ್ 150 ಎಎಚ್‌ನ ಒಂದು ಒಳ್ಳೆಯ ಬ್ಯಾಟರಿ ನಾಲ್ಕು ಗಂಟೆಯನ್ನು ನಿರಾಳವಾಗಿ ತೂಗಿಸುತ್ತದೆ.

ಗಡಿಯಾರದ ವಿಷಯ ಸಣ್ಣದೆಂದು ಕಾಣುತ್ತದೆ, ತಕರಾರು ಬಂದಾಗ ಅದೇ ದೊಡ್ಡದಾಗುತ್ತದೆ. ವೇ ಬ್ರಿಡ್ಜಿನ ಚೀಟಿಯಲ್ಲಿ 4 ಗಂಟೆ 12 ನಿಮಿಷ, ದೃಶ್ಯದಲ್ಲಿ 4 ಗಂಟೆ 3 ನಿಮಿಷ ಇದ್ದರೆ ಅದು ಅದೇ ಲಾರಿಯೇ ಎಂದು ನೀವು ಸಾಬೀತು ಮಾಡುತ್ತಾ ಕೂರಬೇಕು. ರೆಕಾರ್ಡರ್ ಮತ್ತು ವೇ ಬ್ರಿಡ್ಜಿನ ಕಂಪ್ಯೂಟರ್ ಎರಡೂ ಇಂಟರ್ನೆಟ್‌ನಿಂದ ಒಂದೇ ಸಮಯ ಪಡೆಯುವಂತೆ ಮಾಡಿಸಿ.

ತಕರಾರಿನ ಸುಳಿವು ಸಿಕ್ಕ ದಿನವೇ ಆ ಹೊತ್ತಿನ ದೃಶ್ಯವನ್ನು ರೆಕಾರ್ಡರಿನಲ್ಲಿ ‘ಲಾಕ್’ ಮಾಡಿ. ಹಾಗೆ ಮಾಡಿದ ಭಾಗವನ್ನು ಅದು ಅಳಿಸುವುದಿಲ್ಲ. ನಂತರ ಪೆನ್‌ಡ್ರೈವ್‌ಗೆ ತೆಗೆಯಿರಿ. 4 ಎಂಬಿಪಿಎಸ್‌ನ ಒಂದು ಗಂಟೆ 1.8 ಜಿಬಿ ಆಗುತ್ತದೆ, 64 ಜಿಬಿಯ ಪೆನ್‌ಡ್ರೈವ್‌ನಲ್ಲಿ ಸುಮಾರು 35 ಗಂಟೆ ಹಿಡಿಯುತ್ತದೆ. ಮೊಬೈಲಿನಿಂದ ಪರದೆಯನ್ನು ಚಿತ್ರೀಕರಿಸಿ ವಾಟ್ಸಾಪಿನಲ್ಲಿ ಕಳಿಸಿದ್ದನ್ನು ದಾಖಲೆ ಎಂದುಕೊಳ್ಳಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಇಂಥ ಪ್ರತಿಯ ಜೊತೆ ಪ್ರಮಾಣಪತ್ರ ಬೇಕು. ಅದರ ಒಂದು ಭಾಗವನ್ನು ಸಾಧನವನ್ನು ನೋಡಿಕೊಳ್ಳುವವರು, ಇನ್ನೊಂದನ್ನು ತಜ್ಞರು ತುಂಬುತ್ತಾರೆ, ಮತ್ತು ಕಡತದ ಹ್ಯಾಶ್ ಮೌಲ್ಯವನ್ನು ಅದರಲ್ಲಿ ನಮೂದಿಸಬೇಕು. ಹ್ಯಾಶ್ ಎಂದರೆ ಕಡತದ ಬೆರಳಚ್ಚು. ಒಂದು ಫ್ರೇಮ್ ಬದಲಾದರೂ ಅದು ಬೇರೆಯಾಗುತ್ತದೆ. ಪ್ರತಿ ತೆಗೆದ ದಿನವೇ ಅದನ್ನು ಬರೆದಿಡುವುದು ಒಳ್ಳೆಯದು.

ಕೊನೆಯದಾಗಿ ಕಳೆದುಹೋದ ಆ ದಿನದ ದೃಶ್ಯ. ಅದು ಸಿಗುವುದಿಲ್ಲ ಎಂದು ನಿಮಗೆ ನೇರವಾಗಿ ಹೇಳಬೇಕು. ತಪ್ಪಿ ಫಾರ್ಮ್ಯಾಟ್ ಮಾಡಿದ ಡಿಸ್ಕ್‌ನಿಂದ, ಅದರ ಮೇಲೆ ಮತ್ತೇನೂ ಬರೆಯದಿದ್ದರೆ, ಎಷ್ಟೋ ಬಾರಿ ದೃಶ್ಯ ಮರಳಿ ಪಡೆಯಬಹುದು. ನಿಮ್ಮದು ಹಾಗಲ್ಲ, ತುಂಬಿದ ಡಿಸ್ಕ್‌ನಲ್ಲಿ ಹಳೆಯ ದಿನದ ಮೇಲೆಯೇ ಹೊಸ ದಿನ ಕೂತಿದೆ, 24 ದಿನದಲ್ಲಿ ಎರಡು ಸುತ್ತಿಗಿಂತ ಹೆಚ್ಚು. ಹಣ ಪಡೆದು ತೆಗೆದುಕೊಡುತ್ತೇವೆ ಎನ್ನುವವರ ಹಿಂದೆ ಹೋಗಬೇಡಿ. ಬದಲಿಗೆ ವೇ ಬ್ರಿಡ್ಜಿನ ಕಂಪ್ಯೂಟರನ್ನು ನೋಡಿ: ಹಲವು ತೂಕದ ಸಾಫ್ಟ್‌ವೇರ್‌ಗಳು ಖಾಲಿ ತೂಕ ಮತ್ತು ತುಂಬಿದ ತೂಕದ ಹೊತ್ತಿಗೆ ಲಾರಿಯ ಒಂದೊಂದು ಫೋಟೋ ತೆಗೆದಿಟ್ಟಿರುತ್ತವೆ, ಅವು ರೆಕಾರ್ಡರಿನ ಡಿಸ್ಕ್‌ಗೆ ಸಂಬಂಧವಿಲ್ಲದೆ ಬೇರೆ ಫೋಲ್ಡರಿನಲ್ಲಿ ಇರುತ್ತವೆ. ನಿಮ್ಮ ತೂಕದ ಚೀಟಿ, ಖರೀದಿದಾರರ ಕಡೆಯ ತೂಕದ ಚೀಟಿ, ಲಾರಿ ಮಾಲೀಕರಲ್ಲಿರುವ ಫಾಸ್ಟ್ಯಾಗ್ ಕಡಿತದ ಸಮಯಗಳು, ಈ ಮೂರನ್ನು ಜೋಡಿಸಿದರೆ ಚೀಲ ನಿಮ್ಮ ಗೇಟಿನೊಳಗೆ ಕಡಿಮೆಯಾಯಿತೋ ದಾರಿಯಲ್ಲಿ ಕಡಿಮೆಯಾಯಿತೋ ಎಂಬುದು ದೃಶ್ಯವಿಲ್ಲದೆಯೂ ತಿಳಿಯಬಹುದು. ಆ ಫೋಲ್ಡರನ್ನು ಯಾರಾದರೂ ಜಾಗ ಮಾಡಲು ಅಳಿಸುವ ಮೊದಲು ಈ ವಾರವೇ ಪ್ರತಿ ಮಾಡಿಟ್ಟುಕೊಳ್ಳಿ.